ಕುಂಡದ ಕ್ರಿಸ್‌ಮಸ್ ಮರ ಆನ್‌ಲೈನ್‌ನಲ್ಲಿ ಮಾರುವುದು ಹೇಗೆ?

ಡಿಸೆಂಬರ್ ಹತ್ತಿರ ಬಂದಂತೆ ಬೆಂಗಳೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರವಾಗಿ ಮಾರುವ ಅರಾಕೇರಿಯಾ, ಗೋಲ್ಡನ್ ಸೈಪ್ರೆಸ್ ಗಿಡಗಳ ಕುಂಡಗಳು ಮುಂದಿನ ಸಾಲಿಗೆ ಬರುತ್ತವೆ. ನರ್ಸರಿ ನಡೆಸುವ ಮನೆಯಲ್ಲಿ ಗಿಡ ಬೆಳೆಸುವುದರಲ್ಲಿ ಅಪ್ಪ ಅಮ್ಮ ಪಳಗಿದವರು. ಫೋನಿನಲ್ಲಿ ಮಾರುವ ಕೆಲಸವನ್ನು ಮನೆಯ ಮಕ್ಕಳು ವಹಿಸಿಕೊಳ್ಳಬಹುದು. ನವೆಂಬರ್ ಮೊದಲ ವಾರದಲ್ಲೇ ಶುರು ಮಾಡಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಅಡ್ವೆಂಟ್, ಅಂದರೆ ಹಬ್ಬಕ್ಕೆ ಸಿದ್ಧವಾಗುವ ಕಾಲ, ಆರಂಭ. ಆ ಹೊತ್ತಿಗೇ ಮರ ಬೇಕೆನ್ನುವ ಮನೆಗಳೂ ಇರುತ್ತವೆ.

ಮೊದಲು ಗಿಡ ಆರಿಸಿ. ಕೊರಿಯರ್‌ಗೆ ಎರಡು ಅಡಿಯೊಳಗಿನವು ಸಾಕು. ಅರಾಕೇರಿಯಾದ ನಡುತುದಿ ಮುರಿದಿದ್ದರೆ ಪಕ್ಕಕ್ಕಿಡಿ. ಆ ಒಂದು ಚಿಗುರು ಹೋದರೆ ಗಿಡ ನೆಟ್ಟಗೆ ಏಳುವುದು ಕಷ್ಟ. ಕೆಳಗಿನ ಕೊಂಬೆ ಒಣಗಿ ಬಿದ್ದ ಜಾಗದಲ್ಲೂ ಹೊಸದು ಬರುವುದಿಲ್ಲ.

ಫೋಟೊವನ್ನು ಬೆಳಗಿನ ಬೆಳಕಲ್ಲಿ, ಕುರ್ಚಿಯ ಪಕ್ಕ ಇಟ್ಟು ತೆಗೆಯಿರಿ. ಎತ್ತರವನ್ನು ಕುಂಡದ ಸಮೇತ ಎಷ್ಟು, ಗಿಡ ಮಾತ್ರ ಎಷ್ಟು ಎಂದು ಬೇರೆಬೇರೆ ಬರೆಯಿರಿ. ಇಲ್ಲಿ ಗೊಂದಲವಾದರೆ ಗಿರಾಕಿಗೆ ಬೇಸರ ಖಂಡಿತ, ಅಲ್ವಾ? ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್, ಗೂಗಲ್ ಮ್ಯಾಪ್‌ನಲ್ಲಿ ನರ್ಸರಿಯ ಹೆಸರು, ಯುಪಿಐ ಇಷ್ಟಿದ್ದರೆ ಆರಂಭಕ್ಕೆ ಸಾಕು. ಗಿಡಕ್ಕೆ ಜಿಎಸ್‌ಟಿ ಇಲ್ಲ. ಅಲಂಕಾರದ ಕುಂಡ, ದೀಪದ ಸರ ಸೇರಿಸಿ ಮಾರುವುದಾದರೆ ಲೆಕ್ಕ ಬೇರೆ, ಅಕೌಂಟೆಂಟರನ್ನು ಕೇಳಿ.

ನಿಜವಾದ ಪರೀಕ್ಷೆ ಪ್ಯಾಕಿಂಗ್‌ನಲ್ಲಿ. ಹಿಂದಿನ ದಿನವೇ ನೀರು ಹಾಕಿ. ಅದೇ ದಿನ ಹಾಕಿದರೆ ರಟ್ಟು ನೆನೆದು ಕುಸಿಯುತ್ತದೆ. ಸಾಗಿಸುವ ಗಿಡಕ್ಕೆ ಬರೀ ಕೆಂಪು ಮಣ್ಣು ಭಾರ. ಹಾಗಾಗಿ ಕೆಲವು ತಿಂಗಳ ಮೊದಲೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣಿಗೆ ಬದಲಿಸಿಕೊಂಡಿರಿ. ಕುಂಡದ ಬಾಯಿಗೆ ಗೋಣಿಬಟ್ಟೆ ಕಟ್ಟಿ. ಕೊಂಬೆಗಳನ್ನು ಮೃದುವಾದ ಬಟ್ಟೆಪಟ್ಟಿಯಿಂದ ಮೇಲಕ್ಕೆ ಸಡಿಲವಾಗಿ ಸುತ್ತಿ. ಗಿಡಕ್ಕಿಂತ ಉದ್ದದ ಬಿದಿರುಕಡ್ಡಿ ಊರಿದರೆ ಪೆಟ್ಟು ಕಡ್ಡಿಗೆ ಬೀಳುತ್ತದೆ, ತುದಿ ಉಳಿಯುತ್ತದೆ. ಕುಂಡ ಅಲುಗದಂತೆ ಪೆಟ್ಟಿಗೆಯ ತಳಕ್ಕೆ ಹೊಂದಿಸಿ, ಗಾಳಿಗೆ ತೂತು ಮಾಡಿ, ಮೇಲಿನ ಭಾಗ ಯಾವುದೆಂದು ದೊಡ್ಡ ಬಾಣ ಬರೆಯಿರಿ. ಒಂದು ಪೆಟ್ಟಿಗೆಯನ್ನು ಪರಿಚಯದವರ ಮನೆಗೆ ಕಳಿಸಿ ನೋಡದೆ ಮಾರಾಟಕ್ಕೆ ಇಳಿಯಬೇಡಿ.

ಊರೊಳಗೆ ಆ್ಯಪ್‌ನಲ್ಲಿ ಸಿಗುವ ಆಟೊ ಅಥವಾ ಟೆಂಪೊ ಒಳ್ಳೆಯದು. ಮಂಗಳೂರಿನಂಥ ಊರಿಗೆ ರಾತ್ರಿ ಬಸ್ಸಿನ ಪಾರ್ಸೆಲ್ ಬೇಗ ತಲುಪುತ್ತದೆ. ಗಿಡ ಒಯ್ಯುತ್ತಾರಾ ಎಂದು ಕೌಂಟರಿನಲ್ಲಿ ಮೊದಲೇ ಕೇಳಿ. ಹೊರಊರಿನ ಆರ್ಡರನ್ನು ಡಿಸೆಂಬರ್ 18ಕ್ಕೆ ನಿಲ್ಲಿಸಿ. ಜಾಸ್ತಿ ಆಸೆಪಟ್ಟು 23ಕ್ಕೆ ಕಳಿಸಿದ ಗಿಡ ಹಬ್ಬ ಮುಗಿದ ಮೇಲೆ ತಲುಪಬಹುದು.

ಪೆಟ್ಟಿಗೆಯೊಳಗೆ ಆರೈಕೆಯ ಚೀಟಿ ಇರಲೇಬೇಕು. ಕಿಟಕಿ ಹತ್ತಿರ ಇಡಿ, ಮೇಲ್ಮಣ್ಣು ಒಣಗಿದಾಗ ನೀರು ಹಾಕಿ, ಎಲ್‌ಇಡಿ ದೀಪ ಮಾತ್ರ ಸುತ್ತಿ, ಭಾರದ ಗೊಂಬೆ ತೂಗಿಸಬೇಡಿ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಹಬ್ಬವಾದ ಮೇಲೆ ಬಿಸಾಡುವ ವಸ್ತು ಇದಲ್ಲ, ವರ್ಷಗಟ್ಟಲೆ ಬಾಳುವ ಮರ. ಲಾಲ್‌ಬಾಗ್‌ನ ಎತ್ತರದ ಅರಾಕೇರಿಯಾಗಳನ್ನು ನೋಡಿದವರಿಗೆ ಇದು ಗೊತ್ತು. ಜನವರಿಯಲ್ಲಿ ‘ಗಿಡ ಹೇಗಿದೆ?’ ಎಂದು ಒಂದು ಮೆಸೇಜ್ ಹಾಕಿ. ಗೊಬ್ಬರ, ದೊಡ್ಡ ಕುಂಡ ಬೇಕಿದ್ದವರು ಆಗಲೇ ಹೇಳುತ್ತಾರೆ.