ಭೇದಿಯಾದ ಮಗುವಿಗೆ ಓಆರ್‌ಎಸ್ ಕುಡಿಸುವುದು ಹೇಗೆ?

ಮಗುವಿಗೆ ಭೇದಿ ಶುರುವಾದ ಕೂಡಲೇ ಹೆತ್ತವರು ಅದನ್ನು ನಿಲ್ಲಿಸುವ ಔಷಧಿಗಾಗಿ ಹುಡುಕುತ್ತಾರೆ. ಪುಟ್ಟ ಮಕ್ಕಳ ಭೇದಿ ಹೆಚ್ಚಾಗಿ ವೈರಾಣುಗಳಿಂದ ಬರುವಂಥದ್ದಾದ್ದರಿಂದ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರೊಳಗೆ ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣಗಳಿಂದಲೇ ಅಪಾಯ. ಅವನ್ನು ಹೋದಷ್ಟೂ ತುಂಬಿಕೊಡುತ್ತಿರುವುದು ಮನೆಯವರ ಮುಖ್ಯ ಕೆಲಸ. ಅದಕ್ಕೆಂದೇ ಇರುವುದು ಓಆರ್‌ಎಸ್, ಅಂದರೆ ನೀರಿನಲ್ಲಿ ಕರಗಿಸಿ ಕುಡಿಸುವ ಗ್ಲೂಕೋಸ್ ಮತ್ತು ಲವಣಗಳ ಪುಡಿ.

ಬರೀ ನೀರು ಕುಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಸಣ್ಣ ಕರುಳಿನ ಒಳಪದರವು ಗ್ಲೂಕೋಸ್ ಮತ್ತು ಸೋಡಿಯಂಗಳನ್ನು ಜೊತೆಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೇ ನೀರೂ ಒಳಸೇರುತ್ತದೆ. ಭೇದಿಯಾಗುತ್ತಿರುವಾಗಲೂ ಈ ವ್ಯವಸ್ಥೆ ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ. ಓಆರ್‌ಎಸ್ ಪುಡಿಯಲ್ಲಿ ಇವೆರಡರ ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳೂ ಇರುತ್ತವೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಲನೋಬಿಸ್ ಇಂಥದೇ ಸಕ್ಕರೆ–ಉಪ್ಪಿನ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಅಲ್ಲಿ ರೋಗಿಗಳ ಮನೆಯವರೇ ಅದನ್ನು ಕುಡಿಸುತ್ತಿದ್ದರು ಎಂಬುದು, ಇದು ಯಾವ ತಂದೆತಾಯಿಗೂ ಎಟುಕುವ ಚಿಕಿತ್ಸೆ ಎನ್ನುವುದಕ್ಕೆ ಸಾಕ್ಷಿ.

ಮೊದಲು ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ಪೊಟ್ಟಣದ ಮೇಲೆ ಬರೆದಿರುವ ನೀರಿನ ಪ್ರಮಾಣವನ್ನು ಓದಿ, ಕುದಿಸಿ ಆರಿಸಿದ ಅಷ್ಟೇ ನೀರನ್ನು ಅಳೆದು, ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಿ. ಒಂದು ಲೀಟರಿನ ಪುಡಿಯನ್ನು ಅಂದಾಜಿನ ಮೇಲೆ ಲೋಟ ಲೋಟಕ್ಕೆ ಹಂಚುವುದು ಅಪಾಯಕರ: ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಮಿತಿಮೀರಬಹುದು, ನೀರು ಹೆಚ್ಚಾದರೆ ಲವಣ ಸಾಲದೆ ಹೋಗುತ್ತದೆ. ರುಚಿಗೆಂದು ಸಕ್ಕರೆ, ಹಾಲು ಅಥವಾ ಹಣ್ಣಿನ ರಸ ಬೆರೆಸಬೇಡಿ. ಕಲಸಿದ ಮೇಲೆ ಕುದಿಸಬಾರದು. 24 ಗಂಟೆಯಲ್ಲಿ ಮುಗಿಯದೆ ಉಳಿದದ್ದನ್ನು ಚೆಲ್ಲಿಬಿಡಿ. ಪೊಟ್ಟಣ ಸಿಗುವವರೆಗಿನ ತುರ್ತಿಗೆ, ಒಂದು ಲೀಟರ್ ಶುದ್ಧ ನೀರಿಗೆ 5 ಮಿಲಿಲೀಟರಿನ ಚಮಚದಲ್ಲಿ ತಲೆ ಸವರಿ ಅಳೆದ 6 ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಹಾಕಿಕೊಳ್ಳಬಹುದು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲವಾದ್ದರಿಂದ ಇದನ್ನೇ ನೆಚ್ಚಿಕೊಂಡು ಕೂರಬಾರದು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಹೆಚ್ಚಿನ ಮನೆಗಳಲ್ಲಿ ಪ್ರಯತ್ನ ಸೋಲುವುದು ಇಲ್ಲಿಯೇ. ಬಾಯಾರಿದ ಮಗು ಲೋಟವನ್ನು ಕಿತ್ತುಕೊಂಡು ಗಟಗಟನೆ ಕುಡಿಯುತ್ತದೆ, ಮರುಕ್ಷಣ ವಾಂತಿ ಮಾಡುತ್ತದೆ, ‘ಓಆರ್‌ಎಸ್ ಇವನಿಗೆ ಒಗ್ಗುವುದಿಲ್ಲ’ ಎಂದು ಹೆತ್ತವರು ಕೈಬಿಡುತ್ತಾರೆ. ವಾಂತಿಯಾದರೆ 10 ನಿಮಿಷ ಸುಮ್ಮನಿದ್ದು, ಅನಂತರ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಆರಂಭಿಸಿ. ಇಷ್ಟು ಸ್ವಲ್ಪದಿಂದ ಏನಾದೀತು ಎನಿಸುವುದು ಸಹಜ; ಆದರೆ 5 ಮಿಲಿಲೀಟರಿನ ಚಮಚದಿಂದ ಎರಡು ನಿಮಿಷಕ್ಕೊಮ್ಮೆ ಕುಡಿಸಿದರೂ ಗಂಟೆಗೆ 150 ಮಿಲಿಲೀಟರ್ ಒಳಸೇರುತ್ತದೆ. ರಾತ್ರಿಯಿಡೀ ಹೀಗೆ ಕೂರುವುದು ದಣಿವಿನ ಕೆಲಸವೇ ಹೌದು, ಆದ್ದರಿಂದ ಮನೆಯಲ್ಲಿ ಇಬ್ಬರಿದ್ದರೆ ಸರದಿ ಮಾಡಿಕೊಳ್ಳಿ.

ಎದೆಹಾಲನ್ನು ಎಂದಿಗಿಂತ ಹೆಚ್ಚು ಬಾರಿ ಕೊಡಿ. ಊಟ ಮಾಡುವ ಮಗುವನ್ನು ಉಪವಾಸ ಕೆಡವಬೇಡಿ. ಎಂದಿನ ಆಹಾರವನ್ನೇ ಸ್ವಲ್ಪಸ್ವಲ್ಪವಾಗಿ ತಿನ್ನಿಸಿ. ಸಿಹಿ ಪಾನೀಯಗಳಲ್ಲಿರುವ ಅತಿಯಾದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ದೊಡ್ಡವರು ಬಳಸುವ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಹಿಂದೆ ತಂದು ಉಳಿದಿದ್ದ ಆ್ಯಂಟಿಬಯೋಟಿಕ್ಕನ್ನಾಗಲಿ ಕೊಡಬೇಡಿ. ವೈದ್ಯರು ಜಿಂಕ್ ಬರೆದುಕೊಟ್ಟಿದ್ದರೆ, ಭೇದಿ ನಿಂತ ಮೇಲೂ ಅವರು ಹೇಳಿದಷ್ಟು ದಿನ ಮುಂದುವರಿಸಿ.

ಈ ನಡುವೆ ಮಗುವನ್ನು ಗಮನಿಸುತ್ತಲೇ ಇರಬೇಕು. ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಎಳೆಗೂಸಿನ ನೆತ್ತಿ ಒಳಗಿಳಿದಿದ್ದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ, ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ತಕ್ಷಣ ಮೊದಲಿನಂತಾಗದಿದ್ದರೆ ನೀರಿನಂಶ ಕಡಿಮೆಯಾಗಿದೆ ಎಂದು ತಿಳಿದು ವೈದ್ಯರ ಬಳಿಗೆ ಕರೆದೊಯ್ಯಿರಿ. ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, ಕುಡಿಯಲಾರದ ಸ್ಥಿತಿ, ಎಬ್ಬಿಸಿದರೂ ಏಳದ ಮಂಪರು ಇವುಗಳಲ್ಲಿ ಒಂದು ಕಂಡರೂ ಕಾಯುವಂತಿಲ್ಲ. ಮೂರು ತಿಂಗಳೊಳಗಿನ ಕೂಸಾದರೆ ಯಾವ ಲಕ್ಷಣಕ್ಕೂ ಕಾಯದೆ ಮೊದಲ ದಿನವೇ ತೋರಿಸಿ. ಮಗು ಎಚ್ಚರವಾಗಿದ್ದು ನುಂಗಬಲ್ಲದಾದರೆ ದಾರಿಯಲ್ಲೂ ಚಮಚದಲ್ಲಿ ಕುಡಿಸುತ್ತಿರಿ. ಎಷ್ಟು ಸಲ ಭೇದಿ, ವಾಂತಿಯಾಯಿತು, ಎಷ್ಟು ಕುಡಿಯಿತು, ಕೊನೆಯ ಸಲ ಮೂತ್ರವಾದದ್ದು ಯಾವಾಗ ಎಂಬುದನ್ನು ಬರೆದುಕೊಂಡು ಹೋದರೆ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.