ಪ್ಲಿಮತ್ ದಾಖಲೆಗಳ ಮರುಮುದ್ರಣ ಓದುವ ಕ್ರಮ

ಕಾಸರಗೋಡಿನಲ್ಲಿ ಜಾಗದ ಆಧಾರ, ಅಂದರೆ ದಸ್ತಾವೇಜು, ಬರೆಯುವುದು ನನ್ನ ಕಸುಬು. ಅಳಿಯ ಬಾಸ್ಟನ್‌ನಿಂದ ತಂದ, ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರು ಅಮೆರಿಕದಲ್ಲಿ ಕಟ್ಟಿದ ಪ್ಲಿಮತ್ ವಸಾಹತಿನ ದಾಖಲೆಗಳನ್ನೂ ಅದೇ ಕಣ್ಣಿನಿಂದ ಓದುತ್ತೇನೆ.

ರಟ್ಟಿನ ಮೇಲಿನ ಇಸವಿ ನಂಬಬೇಡಿ, ಅದು ಮರುಮುದ್ರಣದ್ದು; ಮೂಲ ಸಂಪುಟಗಳು ಅಚ್ಚಾದದ್ದು 1855–61ರಲ್ಲಿ. ತಾರೀಕಿನಲ್ಲಂತೂ ಬಹಳ ಜಾಗ್ರತೆ ಬೇಕು. 1752ಕ್ಕೆ ಮೊದಲು ಇಂಗ್ಲಿಷರ ಕಾನೂನಿನ ಹೊಸವರ್ಷ ಮಾರ್ಚ್ 25ಕ್ಕೆ, ನಮ್ಮ ಬಿಸು ಏಪ್ರಿಲಿಗೆ ಬಂದ ಹಾಗೆ. ‘ಫೆಬ್ರವರಿ 1640/41’ ಎಂದಿದ್ದರೆ ಈಗಿನ ಲೆಕ್ಕಕ್ಕೆ 1641. ‘ಮೊದಲನೇ ತಿಂಗಳು’ ಎಂದರೆ ಮಾರ್ಚ್. ಒಬ್ಬನದೇ ಹೆಸರಿಗೆ ಪುಟಕ್ಕೊಂದು ಸ್ಪೆಲ್ಲಿಂಗ್. ಪದಸೂಚಿಯಲ್ಲಿ ಎಲ್ಲವನ್ನೂ ಹುಡುಕಿ. ಚೆಕ್ಕುಬಂದಿ ಸಿಕ್ಕಿದರೆ ಪೆನ್ಸಿಲಿನಲ್ಲಿ ನಕ್ಷೆ ಬಿಡಿಸಿ, ನನಗೆ ಅದೇ ಖುಷಿ.

ಹತ್ತೊಂಬತ್ತನೇ ಶತಮಾನದ ಅಲ್ಲಿನ ಊರ ಚರಿತ್ರೆಗಳನ್ನು ಕೊನೆಗಿಡಿ. ಅವುಗಳಲ್ಲಿ ಮನೆತನದ ಹೊಗಳಿಕೆಯೇ ಜಾಸ್ತಿ. ಆ ನೆಲದ ಮೂಲನಿವಾಸಿಗಳಾದ ವಾಂಪನೋಗರ ಮಾತು ಕಡಿಮೆ.