ಬ್ಯಾಡಗಿ ಕಡ್ಡಿಗೆ ಬೀಜ ಆರಿಸಿದ್ದು ಹೀಗೆ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಸುತ್ತಲಿನ ಹೊಲಗಳಲ್ಲಿ ಖಾರದ ತಳಿಗಳು ಜಾಸ್ತಿಯಾದ ಮೇಲೆ ನಮ್ಮ ಕಡ್ಡಿಯ, ಅಂದರೆ ಬ್ಯಾಡಗಿಯ ಉದ್ದನೆಯ ತೆಳು ಕಾಯಿಯ ತಳಿಯ, ಗುಣ ಕೆಡತೊಡಗಿತು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ಜೇನುನೊಣ ಪಕ್ಕದ ಹೊಲದ ಪರಾಗವನ್ನೂ ತರುತ್ತದೆ. ಆ ವರ್ಷದ ಕಾಯಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದರ ಬೀಜ ಬಿತ್ತಿದ ಮೇಲೆಯೇ ಬೆರಕೆ ಕಾಣುವುದು. ಹಾಗಾಗಿ ಬೀಜದ ಕೆಲಸ ನಾನೇ ಶುರು ಮಾಡಿದೆ.

ನಮ್ಮಲ್ಲಿ ಕಣದ ರಾಶಿಯಿಂದ ಚೆಂದದ ಹಣ್ಣು ಹೆಕ್ಕಿ ಬೀಜಕ್ಕೆ ಇಡುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಆ ಹಣ್ಣು ಯಾವ ಗಿಡದ್ದು, ಆ ಗಿಡಕ್ಕೆ ಎಲೆ ಮುದುಡಿಸುವ ಮುಟುರು ರೋಗ ಬಂದಿತ್ತಾ, ಒಟ್ಟು ಎಷ್ಟು ಕಾಯಿ ಬಿಟ್ಟಿತ್ತು, ಒಂದೂ ತಿಳಿಯುವುದಿಲ್ಲ ಅಲ್ವಾ? ಆರಿಸಬೇಕಾದ್ದು ಗಿಡವನ್ನು. ಹಣ್ಣು ಕೆಂಪಾಗುವಾಗ ಹೊಲವೆಲ್ಲ ತಿರುಗಿ, ರೋಗವಿಲ್ಲದ, ಉದ್ದನೆಯ ಸುಕ್ಕುಗಾಯಿ ತುಂಬಿದ ಗಿಡಗಳಿಗೆ ಬಟ್ಟೆಚೂರು ಕಟ್ಟಿದೆ. ಆ ಗಿಡಗಳ ಹಣ್ಣನ್ನು ಬೇರೆ ಬೇರೆಯಾಗಿಯೇ ಒಣಗಿಸಿದೆ.

ಖಾರ ನೋಡಲು ತುದಿ ಕಚ್ಚಿದರೆ ಸಾಲದು. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡಿನಲ್ಲಿ, ಹಾಗಾಗಿ ತೊಟ್ಟಿನ ಹತ್ತಿರ ಸೀಳಿ ನಾಲಿಗೆಗೆ ತಾಗಿಸುತ್ತೇನೆ. ಆಮೇಲೆ ಒಂದು ಗುಟುಕು ಮಜ್ಜಿಗೆ. ನೀರು ಕುಡಿದರೆ ಉರಿ ಇಳಿಯುವುದಿಲ್ಲ, ಮುಂದಿನ ಗಿಡದ ರುಚಿಯೂ ತಿಳಿಯುವುದಿಲ್ಲ. ಬಣ್ಣಕ್ಕೆ ಪ್ರಯೋಗಾಲಯದಲ್ಲಿ ಆಸ್ಟಾ ಅಂಕ, ಅಂದರೆ ಕೆಂಪು ಎಷ್ಟು ಗಾಢ ಎಂದು ಹೇಳುವ ಅಂಕ, ಅಳೆಯುತ್ತಾರೆ. ಮನೆಯಲ್ಲಿ ಪ್ರತಿ ಗಿಡದ ಪುಡಿಯನ್ನು ಒಂದೇ ತೂಕ ತೂಗಿ, ಅಷ್ಟಷ್ಟೇ ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿ ಗಾಜಿನ ಲೋಟದಲ್ಲಿ ಸಾಲಾಗಿ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮುಂದಿನ ಮಳೆಗಾಲದಲ್ಲಿ ಒಂದೊಂದು ಗಿಡದ ಬೀಜಕ್ಕೆ ಒಂದೊಂದು ಸಾಲು. ಇದು ತುಂಬಾ ಮುಖ್ಯ. ತಾಯಿಗಿಡ ಚೆನ್ನಾಗಿದ್ದದ್ದು ತಳಿಯಿಂದಲಾ, ಸುಮ್ನೆ ಗೊಬ್ಬರ ಬಿದ್ದ ಜಾಗದಲ್ಲಿತ್ತು ಅಂತಲಾ ಎಂಬುದು ಇಲ್ಲೇ ತಿಳಿಯುತ್ತದೆ. ಸಾಲಿನಲ್ಲಿ ಗಿಡಗಳು ಒಂದೊಂದು ಥರ ಬಂದರೆ, ಅದರಲ್ಲಿ ಒಂದು ಎಷ್ಟೇ ಚೆಂದವಿದ್ದರೂ ಆ ಸಾಲನ್ನೇ ಬೀಜಕ್ಕೆ ಬಿಡುವುದಿಲ್ಲ. ಉಳಿದ ಸಾಲುಗಳಲ್ಲಿ ಕೆಲವು ಗಿಡಗಳಿಗೆ ಹೂ ಅರಳುವ ಮೊದಲೇ ನೈಲಾನ್ ಪರದೆ ಹೊದಿಸಿರುತ್ತೇನೆ, ಬೀಜ ಅವುಗಳಿಂದ ಮಾತ್ರ. ಹಾಗಂತ ಒಂದೇ ಗಿಡಕ್ಕೆ ಜೋತುಬೀಳಬಾರದು. ಬಣ್ಣ ಸಿಕ್ಕರೂ ರೋಗ ತಡೆಯುವ ಗುಣ ಕೈತಪ್ಪಬಹುದು.

ಹೀಗೆ ವರ್ಷ ವರ್ಷ ಮಾಡುತ್ತಾ ಬಂದ ಮೇಲೆ ಕಾಯಿ ಒಂದೇ ಸಮ ಬರುತ್ತಿದೆ, ಖಾರ ಇಳಿದಿದೆ. ಈಗ ಪಕ್ಕದ ಹೊಲದವರಿಗೂ ಇದೇ ಬೀಜ ಕೊಡುತ್ತೇನೆ. ಬದುವಿನ ಆಚೆಯೂ ಇದೇ ಕಡ್ಡಿ ಇದ್ದರೆ ಜೇನುನೊಣ ಎತ್ತ ಹಾರಿದರೂ ಬೆರಕೆಯ ಭಯ ಕಡಿಮೆ.